ಗೇಟ್ ಸುದ್ದಿ ಆಯ್ತು, ಹೂಳು ಸುದ್ದಿ ಆಗಲಿಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್, ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋಯಿತು. ಮರುದಿನ ಎಮ್ಮಿಗನೂರಿನ ನಮ್ಮ ಮನೆಯ ಎಲ್ಲಾ ಫೋನುಗಳಿಗೂ ಒಂದೇ ಮೆಸೇಜ್: "ಡ್ಯಾಮ್ ಒಡೆದಿದೆ, ಊರು ಬಿಡಿ." ಜೊತೆಗೆ ಒಂದು ವಿಡಿಯೋ. ನಾವು ಪೂರ್ತಿ ನೋಡದೆ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡಿದ್ವಿ. ನದಿ ದಡದ ಊರಲ್ಲಿದ್ದ ನಮ್ಮ ಅತ್ತೆ ಅದನ್ನು ನೋಡಿ, ಮಕ್ಕಳನ್ನು ಕರ್ಕೊಂಡು ಆಟೋ ಹತ್ತಿ ನಮ್ಮ ಮನೆಗೆ ಓಡಿ ಬಂದ್ರು. ಸಂಜೆ ಸರಿಯಾಗಿ ನೋಡಿದರೆ ಆ ವಿಡಿಯೋದಲ್ಲಿ ಇದ್ದದ್ದು ನಮ್ಮ ಡ್ಯಾಮೇ ಅಲ್ಲ!

ಭಾವನೆಗಳನ್ನು ಬಳಸಿ ನಮ್ಮ ಯೋಚನೆಯನ್ನು ಹೇಗೆ ತಿರುಗಿಸುತ್ತಾರೆ ಅನ್ನೋದನ್ನು ಈ ಘಟನೆಯಿಂದಲೇ ನೋಡೋಣ.

ಮೊದಲನೆಯದಾಗಿ, ಅತ್ತೆಯ ಭಯ ಸುಳ್ಳಲ್ಲ. ನದಿ ಪಾತ್ರದ ಜನರಿಗೆ ಅಧಿಕೃತವಾಗಿಯೇ ಎಚ್ಚರಿಕೆ ಕೊಟ್ಟಿದ್ದರು. ಆದರೆ "ಗೇಟ್ ಹೋಗಿದೆ" ಮತ್ತು "ಡ್ಯಾಮ್ ಒಡೆದಿದೆ" ಬೇರೆ ಬೇರೆ ಮಾತು. ಡ್ಯಾಮಿಗೆ ಇರುವ 33 ಗೇಟ್‌ಗಳಲ್ಲಿ ಹೋಗಿದ್ದು ಒಂದು. ಒತ್ತಡ ಕಡಿಮೆ ಮಾಡಲು ಉಳಿದ ಗೇಟ್‌ಗಳಿಂದಲೂ ನೀರು ಬಿಟ್ಟರು. ಒಂದು ವಾರದಲ್ಲಿ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್ ಲಾಗ್ ಕೂರಿಸಿದರು. ಎಷ್ಟೋ ನೀರು ಹರಿದುಹೋಯಿತು, ಎರಡನೇ ಬೆಳೆ ಸಿಗುತ್ತೋ ಇಲ್ವೋ ಅಂತ ಭತ್ತದ ರೈತರು ಚಿಂತೆ ಮಾಡಿದರು. ಆಮೇಲೆ ಮಳೆ ಚೆನ್ನಾಗಿ ಬಂದು ಡ್ಯಾಮ್ ಮತ್ತೆ ತುಂಬಿತು.

ಆ ವಾರ ರಾಜಕೀಯದಲ್ಲಿ ಏನಾಯ್ತು? ವಿರೋಧ ಪಕ್ಷದವರು ರಾಜ್ಯ ಸರ್ಕಾರದ ನಿರ್ಲಕ್ಷ್ಯ ಅಂದರು. ಆಡಳಿತ ಪಕ್ಷದವರು ಡ್ಯಾಮ್ ಇರೋದು ತುಂಗಭದ್ರಾ ಮಂಡಳಿ ಕೈಯಲ್ಲಿ, ಅದರ ಅಧ್ಯಕ್ಷರನ್ನು ನೇಮಿಸೋದು ಕೇಂದ್ರ ಅಂದರು. ನಮ್ಮ ಭಯ ಎರಡೇ ದಿನದಲ್ಲಿ ಕೋಪ ಆಯ್ತು. ನಾವೂ ಆ ಕಡೆ ಈ ಕಡೆ ಅಂತ ಹಂಚಿಹೋದ್ವಿ. "ಯಾರ ತಪ್ಪು?" ಅಂತ ಎಲ್ಲರೂ ಕೇಳಿದ್ವಿ. "ಎಪ್ಪತ್ತು ವರ್ಷ ಹಳೆಯ ಉಳಿದ 32 ಗೇಟ್‌ಗಳ ಗತಿ ಏನು?" ಅಂತ ಕೇಳಿದವರು ಕಡಿಮೆ.

ಇನ್ನೊಂದು ವಿಷಯ ಇದೆ. 1953ರಲ್ಲಿ ಈ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಅದು 105.788 ಟಿಎಂಸಿ. ಅಂದರೆ ಸುಮಾರು 27 ಟಿಎಂಸಿ ಜಾಗವನ್ನು ಹೂಳು ತಿಂದುಹಾಕಿದೆ. ಗೇಟಿನಿಂದ ಹೋದ ನೀರು ಮಳೆಯಿಂದ ವಾಪಸ್ ಬಂತು, ಹೂಳು ತಿಂದ ಜಾಗ ಹಾಗೆ ವಾಪಸ್ ಬರಲ್ಲ. ಆದರೆ ಹೂಳಿನ ಬಗ್ಗೆ ರಾತ್ರಿಯಿಡೀ ಬ್ರೇಕಿಂಗ್ ನ್ಯೂಸ್ ನಾವ್ಯಾರೂ ನೋಡಿಲ್ಲ. ಹೂಳು ನಿಧಾನಕ್ಕೆ ತುಂಬುತ್ತೆ, ಅದಕ್ಕೆ ಸದ್ದಿಲ್ಲ, ಬೈಯೋಕೆ ಒಂದು ಮುಖವೂ ಇಲ್ಲ.

ಇದು ಮೊಬೈಲ್ ಬಂದ ಮೇಲೆ ಶುರುವಾದದ್ದೇನೂ ಅಲ್ಲ. ನಾವು ಹುಟ್ಟುವ ಮುಂಚೆ, 1999ರಲ್ಲಿ, ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರಾದರು. ಒಂದು ಕಡೆ ದೇಶದ ಮಗಳು, ವಿದೇಶಿ ಸೊಸೆ ಅನ್ನೋ ಪ್ರಚಾರ. ಇನ್ನೊಂದು ಕಡೆ ಇಂದಿರಮ್ಮನ ಮನೆಯ ಸೊಸೆ ಅನ್ನೋ ಅಭಿಮಾನ. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು. ಸೋನಿಯಾ 56,100 ಮತಗಳಿಂದ ಗೆದ್ದರು, ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ, ಸೀರೆ, ಕುಂಕುಮ, ಕನ್ನಡ ಭಾಷಣ ಎಲ್ಲಾ ನೆನಪಿದೆ. ಕಾಲುವೆ ಬಗ್ಗೆ ಯಾರು ಏನು ಹೇಳಿದ್ರು ಅಂದರೆ ಸುಮ್ಮನಾಗ್ತಾರೆ.

ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳಬೇಕಂದ್ರೆ ಭಾವನೆ ಒಂದು ಆಂಪ್ಲಿಫೈಯರ್ ಇದ್ದ ಹಾಗೆ. ಸಿಗ್ನಲ್ ಸರಿಯೋ ತಪ್ಪೋ ನೋಡಲ್ಲ, ದೊಡ್ಡದು ಮಾಡುತ್ತೆ ಅಷ್ಟೇ. ನಾವು ಎಷ್ಟು ಹೊತ್ತು ನೋಡ್ತೀವೋ ಟಿವಿಗೆ ಅಷ್ಟು ಜಾಹೀರಾತು. 2017ರಲ್ಲಿ ಫೇಸ್‌ಬುಕ್ ತನ್ನ ಅಲ್ಗಾರಿದಮ್‌ನಲ್ಲಿ ಕೋಪದ ಎಮೋಜಿಯೂ ಸೇರಿ ಎಮೋಜಿ ರಿಯಾಕ್ಷನ್‌ಗಳಿಗೆ ಲೈಕ್‌ಗಿಂತ 5 ಪಟ್ಟು ತೂಕ ಕೊಟ್ಟಿತ್ತು. ಇದು 2021ರಲ್ಲಿ ಕಂಪನಿಯ ಒಳಗಿನ ದಾಖಲೆಗಳಿಂದ ಹೊರಬಂತು. ಅಂದರೆ ನಾವು ಸಿಟ್ಟಾದಷ್ಟೂ ಆ ಪೋಸ್ಟ್ ಇನ್ನಷ್ಟು ಜನರಿಗೆ ಹೋಗುತ್ತಿತ್ತು.

ಹಾಗಂತ ಭಾವನೆಗಳೇ ಬೇಡ ಅನ್ನೋಕಾಗಲ್ಲ. ಭತ್ತ ನಾಟಿ ಮಾಡಿದವರಿಗೆ ಡ್ಯಾಮ್ ಬಗ್ಗೆ ಭಯ ಇರಲೇಬೇಕು. ಆದರೆ ಮುಂದಿನ ಸಲ ಎದೆ ಡವಡವ ಅಂದಾಗ ನಾವು ಮೂರು ಪ್ರಶ್ನೆ ಕೇಳ್ಕೋಬಹುದು:

1. ಈ ವಿಡಿಯೋ ಎಲ್ಲಿಯದು, ಯಾವಾಗಿನದು?
2. ನನಗೆ ಸಿಟ್ಟು ಬಂದರೆ ಯಾರಿಗೆ ಲಾಭ?
3. ಈ ಗಲಾಟೆಯಲ್ಲಿ ಯಾವ ಪ್ರಶ್ನೆ ಮರೆತುಹೋಗ್ತಿದೆ?

ಮೊದಲ ಪ್ರಶ್ನೆಯನ್ನು ಅವತ್ತು ಕೇಳಿದ್ದರೆ ಅತ್ತೆ ಹಾಗೆ ಓಡಿ ಬರಬೇಕಾಗಿರಲಿಲ್ಲ. ಆದರೆ ನಮಗೆ ಜಾಸ್ತಿ ಕಷ್ಟ ಅನಿಸೋದು ಮೂರನೆಯದು. ಯಾಕಂದ್ರೆ ಅದಕ್ಕೆ ಉತ್ತರ ಯಾವ ಗ್ರೂಪಿಗೂ ಫಾರ್ವರ್ಡ್ ಆಗಿ ಬರಲ್ಲ, ನಾವೇ ಹುಡುಕಬೇಕು. ಗೇಟ್, ಹೂಳು, ಕಾಲುವೆ ಅಂದರೆ ಏನು ಅಂತ ಓದೋಕೆ ಕಾಲೇಜಿಗೆ ಬಂದಿರೋ ನಾವೇ ಹುಡುಕದಿದ್ದರೆ ಇನ್ಯಾರು ಹುಡುಕಬೇಕು?