ಮಿದುಳಿನ ಮೆಲುದನಿ ಮತ್ತು ಸಂಕೇತ ಸಂಸ್ಕರಣ ಯಂತ್ರ



ಕುಷ್ಟಗಿ, ಯಲಬುರ್ಗಾ ಸೀಮೆಯ ಕಣಗಳಲ್ಲಿ ಜೋಳದ ರಾಶಿ ತೂರುವುದನ್ನು ನೀವೆಲ್ಲರೂ ಕಂಡವರೇ. ಗಾಳಿ ಮಂದವಾದರೆ ಹೊಟ್ಟು ಕಾಳಿನಲ್ಲಿಯೇ ಉಳಿಯುತ್ತದೆ. ಬಿರುಸಾದರೆ ಸಣ್ಣ ಕಾಳೂ ಹೊಟ್ಟಿನೊಡನೆ ಹಾರಿಹೋಗುತ್ತದೆ. ಮಿದುಳಿನ ವ್ಯಾಪಾರವನ್ನು ಅರಿಯಹೊರಟ ಪ್ರಯೋಗಶಾಲೆಗಳಲ್ಲಿಯೂ ಇಂಥದೊಂದು ತೂರುವ ಕಾರ್ಯ ನಡೆಯುತ್ತದೆ. ಅದನ್ನು ನೆರವೇರಿಸುವ ಸಾಧನವೇ ಸಂಕೇತ ಸಂಸ್ಕರಣ ಯಂತ್ರ. ಅದರ ಸ್ವರೂಪವನ್ನು ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ.

ನರಕೋಶಗಳ ವ್ಯವಹಾರದಲ್ಲಿ ವಿದ್ಯುತ್ತು ಪ್ರಧಾನವಾದುದು. 1875ರಲ್ಲಿ ಇಂಗ್ಲೆಂಡಿನ ರಿಚರ್ಡ್ ಕೇಟನ್ ಪ್ರಾಣಿಗಳ ಮಿದುಳಿನಲ್ಲಿ ಈ ವಿದ್ಯುತ್ತನ್ನು ಗುರುತಿಸಿದನು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮಾನವನ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದನು. ಇ.ಇ.ಜಿ. ಎಂದು ಇಂದು ಪ್ರಸಿದ್ಧವಾಗಿರುವ ವಿಧಾನಕ್ಕೆ ಇದೇ ಮೂಲ. ನೆತ್ತಿಯ ಮೇಲೆ ದೊರೆಯುವ ಈ ಸಂಕೇತ ಅತ್ಯಲ್ಪವಾದುದು. 50 ಮೈಕ್ರೋವೋಲ್ಟಿನ ತರಂಗವೆಂದರೆ ಟಾರ್ಚಿನ ಒಂದು ಸೆಲ್ಲಿನ 1.5 ವೋಲ್ಟಿನಲ್ಲಿ 30,000ದ ಒಂದು ಪಾಲು.

ಈ ಮೆಲುದನಿಯ ಸುತ್ತ ಗದ್ದಲವೋ ಅಪಾರ. ಕಣ್ಣು ಮಿಟುಕಿದರೆ, ಹಲ್ಲು ಕಚ್ಚಿದರೆ ದೊಡ್ಡ ಅಲೆಗಳೇಳುತ್ತವೆ. ಗೋಡೆಯ ತಂತಿಯಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ಗುಂಯ್‌ಗುಡುತ್ತದೆ. ಯಂತ್ರವು ಮೊದಲು ಎರಡು ಸ್ಥಳಗಳ ಸಂಕೇತಗಳ ವ್ಯತ್ಯಾಸವನ್ನು ಮಾತ್ರ ವರ್ಧಿಸುತ್ತದೆ. ಎರಡರಲ್ಲಿಯೂ ಸಮಾನವಾದ ಗದ್ದಲ ಬಹುಮಟ್ಟಿಗೆ ಅಳಿಯುತ್ತದೆ. ಬಳಿಕ ಬೇಕಾದ ಆವರ್ತಗಳನ್ನು ಉಳಿಸಿ ಬೇಡವಾದುದನ್ನು ಸೋಸುತ್ತದೆ. ಅನಂತರ ತರಂಗವನ್ನು ಅಂಕಿಗಳಾಗಿ ಮಾರ್ಪಡಿಸುತ್ತದೆ. ಕೊನೆಗೆ, ಒಂದೇ ದೃಶ್ಯವನ್ನು 100 ಬಾರಿ ತೋರಿಸಿ ದೊರೆತ ದಾಖಲೆಗಳ ಸರಾಸರಿ ತೆಗೆದರೆ, ಮಿದುಳಿನ ನಿಯತ ಉತ್ತರ ಹಾಗೆಯೇ ನಿಲ್ಲುತ್ತದೆ. ಅನಿಯತ ಗದ್ದಲವು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಜಾತ್ರೆಯ ಜನಜಂಗುಳಿಯಲ್ಲಿ ಒಂದೇ ಕೂಗನ್ನು ಮತ್ತೆ ಮತ್ತೆ ಕೇಳಿ ಗುರುತಿಸಿದಂತೆ ಇದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೃದ್ಧರಿಗೆ ಗೆರೆಗಳ ಚಿತ್ರ ತೋರಿಸಿ, ಆಗ ಏಳುವ ಗ್ಯಾಮಾ ತರಂಗಗಳನ್ನು ಅಳೆದಿದ್ದಾರೆ. ಆರೋಗ್ಯವಂತರಲ್ಲಿಯೂ ವಯಸ್ಸಾದಂತೆ ಅವು ಕ್ಷೀಣಿಸುತ್ತವೆಂಬ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಇಲ್ಲೊಂದು ಸೂಕ್ಷ್ಮವುಂಟು. ಗೋಡೆಯ ತಂತಿಯ 50 ಆವರ್ತದ ಗದ್ದಲವು ಈ ಗ್ಯಾಮಾ ತರಂಗಗಳ ವ್ಯಾಪ್ತಿಯ ನಡುವೆಯೇ ಬರುತ್ತದೆ. ಅಲ್ಲಿ ಅತಿಯಾಗಿ ಸೋಸಿದರೆ ಅಳೆಯಬೇಕಾದುದೇ ಅಳಿದುಹೋದೀತು. ಸೋಸದಿದ್ದರೆ ತಂತಿಯ ಗದ್ದಲವೇ ಮಿದುಳಿನ ಮಾತೆನಿಸೀತು. ಬಿರುಸುಗಾಳಿಯ ಕಣವನ್ನು ನೆನೆಯಿರಿ.

ಈ ವಿವೇಕ ಕೇವಲ ಪ್ರಯೋಗಶಾಲೆಗೆ ಸೀಮಿತವಾದುದಲ್ಲ. ಹಲವು ವರ್ಷಗಳ ಹಿಂದೆ ನನ್ನ ತರಗತಿಯ ಬಾಲಕನೊಬ್ಬನು ಪಾಠದ ನಡುವೆ ಮೂರ್ಛೆಗೊಂಡು ಬಿದ್ದನು. ಓಡಿಬಂದವರು ಕೈಗೆ ಕಬ್ಬಿಣ ಹಿಡಿಸಿದರು; ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಮುಂದೆ ತಂದೆಯೊಡನೆ ನಾನೂ ಆಸ್ಪತ್ರೆಗೆ ಹೋದೆನು. ಇ.ಇ.ಜಿ. ಕಾಗದದಲ್ಲಿ ಒಂದು ದೊಡ್ಡ ಅಲೆಯನ್ನು ಕಂಡು, "ಇದೇ ರೋಗವೇ?" ಎಂದು ಕೇಳಿದೆನು. ವೈದ್ಯರು ನಕ್ಕು, "ಇಲ್ಲ ಮಾಸ್ತರರೇ, ಅದು ಕಣ್ಣು ಮಿಟುಕಿಸಿದ್ದು. ದಾಖಲೆ ಸಹಜವಾಗಿದೆ. ಆದರೆ ಅಷ್ಟರಿಂದಲೇ ರೋಗವಿಲ್ಲವೆನ್ನಲಾಗದು. ಅಂದು ನೀವು ಕಂಡುದನ್ನು ಕಂಡಂತೆ ಹೇಳಿರಿ" ಎಂದರು. ಹೇಳಿದೆನು. ಚಿಕಿತ್ಸೆ ಆರಂಭವಾಯಿತು, ಶಾಲೆ ಬಿಡಿಸಬೇಕೆಂದಿದ್ದ ತಂದೆ ಮನಸ್ಸು ಬದಲಿಸಿದನು, ಬಾಲಕನು ಆ ವರ್ಷದ ಪರೀಕ್ಷೆಗೆ ಕುಳಿತನು.

ಆದುದರಿಂದ ಗೆಳೆಯನಿಗೆ ಮೂರ್ಛೆ ಬಂದರೆ ಅವನನ್ನು ಒಂದು ಮಗ್ಗುಲಿಗೆ ಮಲಗಿಸಿರಿ. ಬಾಯಲ್ಲಿ ಏನನ್ನೂ ತುರುಕಬೇಡಿರಿ. ಎಷ್ಟು ಹೊತ್ತು ಇತ್ತೆಂಬುದನ್ನು ಗಡಿಯಾರ ನೋಡಿ ಗುರುತಿಡಿರಿ. ಐದು ನಿಮಿಷಕ್ಕೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಿರಿ.

ನಮ್ಮ ನುಡಿಯಲ್ಲಿ 'ಶೋಧಿಸು' ಎಂಬ ಪದಕ್ಕೆ ಸೋಸು ಎಂಬ ಅರ್ಥವೂ ಹುಡುಕು ಎಂಬ ಅರ್ಥವೂ ಇವೆ. ಯಂತ್ರವು ಮೊದಲನೆಯದನ್ನು ಮಾಡಿಕೊಡುತ್ತದೆ. ಎರಡನೆಯದು ಮನುಷ್ಯನ ಹೊಣೆ. ನಿಮ್ಮಲ್ಲಿ ಯಾರಾದರೂ ಮುಂದೆ ಅಂಥ ಯಂತ್ರದ ಮುಂದೆ ಕುಳಿತಾಗ, ಈ ಎರಡು ಅರ್ಥಗಳೂ ನೆನಪಿನಲ್ಲಿರಲಿ.