ಅಲ್ಯೂಮಿನಿಯಂ ಕಿಟ್ಟದಿಂದ ಲೋಹದ ಮರುಗಳಿಕೆ: ಉಪ್ಪಿಲ್ಲದ ವಿಧಾನಗಳು

ಅಲ್ಯೂಮಿನಿಯಂ ಎರಕ ಹೊಯ್ಯುವ ನಮ್ಮ ಸಣ್ಣ ಹಾಗೂ ಮಧ್ಯಮ ಘಟಕಗಳಲ್ಲಿ, ಕರಗಿದ ಲೋಹದ ಮೇಲೆ ಕಟ್ಟುವ ಕಿಟ್ಟವನ್ನು ಬಾಚಿ ತೆಗೆದು, ನೆಲದ ಮೇಲೆ ಹರಡಿ, ತಣಿದ ನಂತರ ಕಿಲೋ ಲೆಕ್ಕದಲ್ಲಿ ಗುಜರಿಗೆ ಮಾರುವ ರೂಢಿಯಿದೆ. ಕಾರ್ಖಾನೆಯವರು ಡ್ರಾಸ್ ಎಂದು ಕರೆಯುವ ಈ ಬೂದಿಬಣ್ಣದ ವಸ್ತುವಿನ ಒಳಗು ಕೊಳ್ಳುವವರಿಗೆ ಚೆನ್ನಾಗಿ ತಿಳಿದಿರುತ್ತದೆ. ಮಾರುವವರಿಗೆ ತಿಳಿದಿರುವುದು ಅಪರೂಪ. ಉಪ್ಪು ಬೆರೆಸದೆ ಕರಗಿಸಿದ ಕುಲುಮೆಯ ಬಿಳಿ ಕಿಟ್ಟದಲ್ಲಿ ತೂಕದ ಅರ್ಧಕ್ಕೂ ಹೆಚ್ಚು ಭಾಗ ಲೋಹವೇ ಇರುವುದುಂಟು.

ತಿಂಗಳಿಗೆ 50 ಟನ್ ಲೋಹ ಕರಗಿಸುವ ಘಟಕವೊಂದರಲ್ಲಿ ಶೇ. 4ರಷ್ಟು ಕಿಟ್ಟ ಬರುತ್ತದೆಂದು ಇಟ್ಟುಕೊಳ್ಳೋಣ. ಅಂದರೆ 2 ಟನ್. ಅದರಲ್ಲಿ ಅರ್ಧ ಲೋಹವಾದರೆ ಪ್ರತಿ ತಿಂಗಳೂ ಒಂದು ಟನ್ ಅಲ್ಯೂಮಿನಿಯಂ ಗೇಟು ದಾಟಿ ಹೋಗುತ್ತಿದೆ ಎಂದಾಯಿತು.

ನಷ್ಟ ಸಂಭವಿಸುವುದು ಬಾಚಿ ತೆಗೆದ ಮೊದಲ ಕೆಲವು ನಿಮಿಷಗಳಲ್ಲಿ. ಬಿಸಿ ಕಿಟ್ಟದೊಳಗಿನ ಲೋಹದ ಹನಿಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿಯತೊಡಗುತ್ತವೆ. ಆ ಉರಿಯ ಶಾಖವೇ ಉರಿಯನ್ನು ಮುಂದುವರಿಸುತ್ತದೆ. ರಾಶಿ ಕೆಂಡದಂತೆ ಹೊಳೆಯುತ್ತಿದ್ದರೆ ಅದು ತಣಿಯುತ್ತಿಲ್ಲ, ಲೋಹ ಸುಡುತ್ತಿದೆ ಎಂದೇ ತಿಳಿಯಬೇಕು. ಈ ತಾಪದಲ್ಲಿ ಗಾಳಿಯ ಸಾರಜನಕವೂ ಸೇರಿ ಅಲ್ಯೂಮಿನಿಯಂ ನೈಟ್ರೈಡ್ ಉಂಟಾಗುತ್ತದೆ. ಮಳೆಗಾಲದಲ್ಲಿ ಕಿಟ್ಟದ ರಾಶಿಯಿಂದ ಮೂಗು ಹಿಂಡುವ ವಾಸನೆ ಬರುವುದು ಇದರಿಂದಲೇ: ನೈಟ್ರೈಡ್ ನೀರಿನೊಡನೆ ವರ್ತಿಸಿ ಅಮೋನಿಯಾ ಬಿಡುತ್ತದೆ. ನುಣ್ಣನೆಯ ಲೋಹದಿಂದ ಜಲಜನಕವೂ, ಕಾರ್ಬೈಡ್ ಇದ್ದರೆ ಮೀಥೇನ್ ಕೂಡ ಹೊರಡುತ್ತವೆ. ಮುಚ್ಚಿದ ಗೋದಾಮಿನಲ್ಲಿ ಇವು ಬೆಂಕಿಗೆ ಆಹ್ವಾನ. ಬಿಸಿ ಕಿಟ್ಟಕ್ಕೆ ನೀರು ಎರಚಿ ತಣಿಸುವುದಂತೂ ಸ್ಫೋಟಕ್ಕೆ ದಾರಿ; ಇದನ್ನು ಪಾಳಿಯ ಪ್ರತಿಯೊಬ್ಬ ಕಾರ್ಮಿಕನಿಗೂ ತಿಳಿಸಿ ಹೇಳಬೇಕು.

ಹಳೆಯ ಕ್ರಮದಲ್ಲಿ, ತಣಿದ ಕಿಟ್ಟವನ್ನು ತಿರುಗುವ ಕುಲುಮೆಗೆ ಹಾಕಿ ಸೋಡಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡ್‌ಗಳ ಮಿಶ್ರಣದೊಡನೆ ಕರಗಿಸುತ್ತಾರೆ. ಉಪ್ಪು ಲೋಹವನ್ನು ಗಾಳಿಯಿಂದ ಮರೆಮಾಡಿ, ಹನಿಗಳ ಸುತ್ತಲಿನ ಆಕ್ಸೈಡ್ ಪೊರೆಯನ್ನು ಒಡೆದು, ಅವು ಒಂದುಗೂಡುವಂತೆ ಮಾಡುತ್ತದೆ. ಲೋಹ ಚೆನ್ನಾಗಿಯೇ ಸಿಗುತ್ತದೆ. ತೊಂದರೆಯಿರುವುದು ಉಳಿಯುವ ಉಪ್ಪುಗಸಿಯಲ್ಲಿ. ಬಯಲಿನಲ್ಲಿ ಸುರಿದರೆ ಅದರ ಕ್ಲೋರೈಡ್ ಕರಗಿ ಬಾವಿ, ಕೆರೆಗಳ ನೀರನ್ನು ಉಪ್ಪಾಗಿಸುತ್ತದೆ. ಜರ್ಮನಿಯಲ್ಲಿ ಈ ಗಸಿಯನ್ನು ಪುಡಿಮಾಡಿ, ಲೋಹವನ್ನು ಜರಡಿಯಿಂದ ಬೇರ್ಪಡಿಸಿ, ಉಪ್ಪನ್ನು ನೀರಿನಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸಿ ಬಳಸುವ ಘಟಕಗಳಿವೆ. ಅವು ದೊಡ್ಡ ಬಂಡವಾಳದ ಸ್ಥಾವರಗಳು; ಸಣ್ಣ ಉದ್ಯಮಿ ಒಂಟಿಯಾಗಿ ಕೈಹಾಕುವಂಥವಲ್ಲ.

ಸಣ್ಣ ಘಟಕಗಳಿಗೆ ಹೆಚ್ಚು ಒಗ್ಗುವುದು ಒತ್ತುಯಂತ್ರವೆಂದು ನಮ್ಮ ಅಭಿಪ್ರಾಯ. ಕಿಟ್ಟ ಇನ್ನೂ ಬಿಸಿಯಾಗಿರುವಾಗಲೇ ತೂತುಳ್ಳ ಉಕ್ಕಿನ ಪಾತ್ರೆಗೆ ತುಂಬಿ, ಹೈಡ್ರಾಲಿಕ್ ಒತ್ತಡದಿಂದ ಅದುಮುತ್ತಾರೆ. ದ್ರವ ಲೋಹ ಕೆಳಗಿನ ಅಚ್ಚಿಗೆ ಸೋರುತ್ತದೆ. ಉಳಿದದ್ದು ಗಟ್ಟಿ ಹೆಂಟೆಯಾಗಿ, ಗಾಳಿ ಒಳನುಗ್ಗದೆ ಉರಿ ನಿಲ್ಲುತ್ತದೆ. ಉಪ್ಪು ಬೇಡ, ಇಂಧನವೂ ಬೇಡ. ಹೆಂಟೆಯಲ್ಲಿ ಉಳಿದ ಲೋಹವನ್ನು ಅನಂತರ ತೆಗೆಯಲು ಬಾಗುವ ತಿರುಗುಕುಲುಮೆ ಬಳಸಿದರೆ ಹಳೆಯ ಮಾದರಿಗಿಂತ ಕಡಿಮೆ ಉಪ್ಪು ಸಾಕಾಗುತ್ತದೆ.

ಆರ್ಗಾನ್ ಅನಿಲದ ಮುಸುಕಿನಲ್ಲಿ ಕಿಟ್ಟವನ್ನು ತಣಿಸುವುದು ಇನ್ನೊಂದು ಕ್ರಮ. ಕೆನಡಾದ ಮಾಂಟ್ರಿಯಲ್‌ನ ಪೈರೋಜೆನೆಸಿಸ್ ಸಂಸ್ಥೆಯ ಡ್ರಾಸ್‌ರೈಟ್ ವಿಧಾನ ಇನ್ನೂ ಒಂದು ಹೆಜ್ಜೆ ಮುಂದಿದೆ: ಬಿಸಿ ಕಿಟ್ಟವನ್ನು ಮುಚ್ಚಿದ ತಿರುಗುಕುಲುಮೆಯಲ್ಲಿ ಆರ್ಗಾನ್ ನಡುವೆ ಉರುಳಿಸಿ ಲೋಹ ತೆಗೆಯುತ್ತಾರೆ, ಬೇಕಾದ ಶಾಖಕ್ಕೆ ಉಳಿಕೆಯಲ್ಲಿನ ಅಲ್ಪ ಲೋಹವನ್ನೇ ಉರಿಸಿಕೊಳ್ಳುತ್ತಾರೆ. ಉಪ್ಪಿಲ್ಲದ ಉಳಿಕೆಯಾದ್ದರಿಂದ ಉಕ್ಕಿನ ಕಾರ್ಖಾನೆಯ ಸ್ರಾವಕಕ್ಕೋ ಅಗ್ನಿನಿರೋಧಕ ಇಟ್ಟಿಗೆಗೋ ಅದನ್ನು ಒದಗಿಸುವುದು ಸುಲಭ.

ಕಾನೂನಿನ ಮಾತು. ಅಪಾಯಕಾರಿ ಹಾಗೂ ಇತರ ತ್ಯಾಜ್ಯಗಳ 2016ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ದ್ವಿತೀಯಕ ಅಲ್ಯೂಮಿನಿಯಂ ಉತ್ಪಾದನೆಯ ಕಿಟ್ಟವೂ ಉಪ್ಪುಗಸಿಯೂ ಸೇರಿವೆ. ಈ ವರ್ಗಕ್ಕೆ ಸೇರಿದ ವಸ್ತುವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ದಾಸ್ತಾನಿಡುವಂತಿಲ್ಲ. ಅಧಿಕೃತ ಬಳಕೆದಾರರಿಗೆ ಮಾತ್ರ, ಸಾಗಣೆ ದಾಖಲೆಯೊಡನೆ ಕೊಡಬೇಕು. ತಮ್ಮ ಘಟಕ ಇದರ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಉದ್ಯಮಿಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಒಳಿತು.

ಯಂತ್ರ ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಅಗತ್ಯ. ಒಂದು ವಾರದ ಕಿಟ್ಟದಿಂದ ದಪ್ಪ ಗಟ್ಟಿ, ಪುಡಿ ಎರಡನ್ನೂ ಅವುಗಳ ಪ್ರಮಾಣದಲ್ಲೇ ಆಯ್ದು, ತೂಗಿದ ಮಾದರಿಯನ್ನು ಮೂಸೆಯಲ್ಲಿ ಉಪ್ಪಿನೊಡನೆ ಕರಗಿಸಿ, ಸಿಕ್ಕ ಲೋಹವನ್ನು ತೂಗಬೇಕು. ಬಾಚಿದ ತಕ್ಷಣ ಅದುಮಿದ ಕಿಟ್ಟಕ್ಕೂ ಹರಡಿಬಿಟ್ಟ ಕಿಟ್ಟಕ್ಕೂ ಬೇರೆ ಬೇರೆ ಅಂಕಿ ಬರುತ್ತದೆ. ಮೊದಲನೆಯದಕ್ಕೆ ಅದುಮಿದಾಗ ಅಚ್ಚಿಗೆ ಸೋರಿದ ಲೋಹದ ಪಾಲನ್ನೂ ಕೂಡಿಸಿಕೊಳ್ಳಬೇಕು. ಆ ಎರಡರ ಅಂತರವನ್ನು ಲೋಹದ ಮಾರುಕಟ್ಟೆ ದರದಿಂದ ಗುಣಿಸಿದರೆ ಯಂತ್ರದ ಸಾಲ ಎಷ್ಟು ತಿಂಗಳಲ್ಲಿ ತೀರುವುದೆಂಬ ಲೆಕ್ಕ ಸಿಗುತ್ತದೆ.