ಅಯಸ್ಕಾಂತವು ರೂಪಿಸಿದ ಪುಟ್ಟ ಮೋಟಾರುಗಳು

ಮಾರ್ಗದಲ್ಲಿ ಕೊರೆದ ಸೀಳನ್ನು ಅನುಸರಿಸಿ ವಿದ್ಯುತ್ತಿನಿಂದ ಓಡುವ ಆಟದ ಕಾರುಗಳು 1960ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಬಹು ಜನಪ್ರಿಯವಾಗಿದ್ದವು. ‘ಸ್ಲಾಟ್ ಕಾರು’ಗಳೆಂದು ಇವುಗಳ ಹೆಸರು. ಇವುಗಳ ಮೋಟಾರುಗಳೆಲ್ಲ ಒಂದೇ ತತ್ತ್ವದಿಂದ ನಡೆದರೂ ಆಕಾರದಲ್ಲಿ ಬೇರೆ ಬೇರೆಯಾಗಿದ್ದುವು. ಇದಕ್ಕೆ ಮುಖ್ಯ ಕಾರಣವೇನೆಂಬುದನ್ನು ನೋಡೋಣ.

ಅಯಸ್ಕಾಂತದ ಧ್ರುವಗಳ ನಡುವೆ ತಿರುಗುವ ಭಾಗವೇ ಆರ್ಮೇಚರ್. ತಾಮ್ರದ ತಂತಿ ಸುತ್ತಿದ ಮೂರು ಕಬ್ಬಿಣದ ತೋಳುಗಳು ಇದಕ್ಕುಂಟು. ತೋಳುಗಳು ಎರಡೇ ಆಗಿದ್ದರೆ, ಅವು ಅಯಸ್ಕಾಂತಕ್ಕೆ ನೇರ ಎದುರಾಗಿ ನಿಂತಾಗ ಮೋಟಾರು ತಾನಾಗಿ ಹೊರಡಲಾರದು. ಮೂರಿದ್ದರೆ ಯಾವ ಸ್ಥಿತಿಯಲ್ಲಿಯೂ ತಿರುಗುಬಲ ದೊರೆಯುತ್ತದೆ.

ಅಮೆರಿಕದ ಪಿಟ್‌ಮನ್ ಮೋಟಾರುಗಳು ತೆರೆದ ಚೌಕಟ್ಟಿನವು. ಇಂಥವುಗಳಲ್ಲಿ ಅಲ್ಯುಮಿನಿಯಮ್, ನಿಕಲ್, ಕೋಬಾಲ್ಟ್ ಬೆರೆತ ‘ಆಲ್ನಿಕೋ’ ಎಂಬ ಉಕ್ಕಿನಂಥ ಮಿಶ್ರಲೋಹದ ಅಯಸ್ಕಾಂತವಿರುತ್ತಿತ್ತು. ಆಲ್ನಿಕೋ ಪ್ರಬಲವಾದುದು, ಆದರೆ ತನ್ನ ಶಕ್ತಿಯನ್ನು ಸುಲಭವಾಗಿ ಕಳೆದುಕೊಳ್ಳುವಂಥದು. ಆದುದರಿಂದ ಅದನ್ನು ಉದ್ದನೆಯ ತುಂಡಾಗಿಯೇ ಇಡಬೇಕಾಗಿತ್ತು, ಚೌಕಟ್ಟೂ ದೊಡ್ಡದಾಗುತ್ತಿತ್ತು.

ಫೆರೈಟ್ ಎಂಬ ಪಿಂಗಾಣಿಯಂಥ ಅಯಸ್ಕಾಂತವು ಅಷ್ಟು ಪ್ರಬಲವಲ್ಲ. ಆದರೆ ಬಲು ಹಟಮಾರಿ. ತೆಳ್ಳಗೆ ಮಾಡಿದರೂ ಶಕ್ತಿಯನ್ನು ಬಿಟ್ಟುಕೊಡದು. ಜಪಾನಿನ ಮಬುಚಿ ಕಂಪನಿಯ ಎಫ್‌ಟಿ-16ಡಿ ಮೋಟಾರಿನಲ್ಲಿ ಬಾಗಿದ ಎರಡು ಫೆರೈಟ್ ತುಂಡುಗಳನ್ನು ಉಕ್ಕಿನ ಡಬ್ಬಿಯ ಒಳಗೋಡೆಗೆ ಕೂಡಿಸಲಾಗಿದೆ. ಡಬ್ಬಿಯೇ ಕಾಂತರೇಖೆಗಳು ಹಿಂದಿರುಗುವ ಹಾದಿ. ರಚನೆ ಅಗ್ಗವಾಯಿತು, ಅಡಕವಾಯಿತು. ಆದರೆ ಒಳಗಿನ ಕಾವು ಹೊರಬೀಳುವುದು ಕಷ್ಟವಾಯಿತು.

ಅರೋರಾ ಕಂಪನಿಯು 1963ರಲ್ಲಿ ಹೊರತಂದ ಥಂಡರ್‌ಜೆಟ್ ಕಾರು ಇನ್ನೂ ಚಿಕ್ಕದು. ಅದರ ಆರ್ಮೇಚರ್ ದೋಸೆಯಂತೆ ಚಪ್ಪಟೆ. ಅಚ್ಚು ನೆಟ್ಟಗೆ ನಿಲ್ಲುತ್ತದೆ. ಹಿಂದೆ, ಮುಂದೆ ಒಂದೊಂದು ಫೆರೈಟ್ ತುಂಡು. ಎತ್ತರವೇನೋ ಉಳಿಯಿತು, ಆದರೆ ಚಲನೆಯನ್ನು ಹಿಂಗಾಲಿಗಳಿಗೆ ಮುಟ್ಟಿಸಲು ಹಲ್ಲುಚಕ್ರಗಳ ಸಾಲೇ ಬೇಕಾಯಿತು. ಪ್ರತಿಯೊಂದು ಚಕ್ರವೂ ಘರ್ಷಣೆಯಲ್ಲಿ ಶಕ್ತಿಯ ಒಂದಂಶವನ್ನು ನುಂಗುತ್ತದೆ.

ಹಳೆಯ ಮೋಟಾರು ಕೈಗೆ ಸಿಕ್ಕಿದ ವಿದ್ಯಾರ್ಥಿಯು ಅದನ್ನು ಬಿಚ್ಚುವ ಮೊದಲು ಈ ಭೇದವನ್ನು ನೆನೆಯಬೇಕು. ಆಲ್ನಿಕೋ ಮೋಟಾರಿನಿಂದ ಆರ್ಮೇಚರನ್ನು ಹೊರತೆಗೆದರೆ ಕಾಂತರೇಖೆಗಳ ಹಾದಿಯಲ್ಲಿ ಬರಿಯ ಗಾಳಿ ಉಳಿದು ಅಯಸ್ಕಾಂತವು ದುರ್ಬಲವಾಗಬಹುದು; ಆರ್ಮೇಚರನ್ನು ಮರಳಿ ಕೂಡಿಸಿದ ಮಾತ್ರಕ್ಕೆ ಹೋದ ಶಕ್ತಿ ಬಾರದು. ಆಗ ಮೋಟಾರು ಹೆಚ್ಚು ಪ್ರವಾಹವನ್ನೆಳೆದು ಕಾಯುತ್ತದೆ, ಎಳೆಯುವ ಬಲವನ್ನೂ ಕಳೆದುಕೊಳ್ಳುತ್ತದೆ. ಆರ್ಮೇಚರನ್ನು ಮೆಲ್ಲನೆ ಹೊರಗೆಳೆಯುತ್ತ, ಅದರ ಬೆನ್ನಿಗೇ ಮೆದುಕಬ್ಬಿಣದ ತುಂಡೊಂದನ್ನು ಆ ಜಾಗಕ್ಕೆ ತೂರಿಸಿದರೆ ಈ ನಷ್ಟವನ್ನು ತಪ್ಪಿಸಬಹುದು.